ಬೆಂಚಿನ ಮೇಲೆ ಕೂತವರ ಓಟು

ನಾನು ಒಂದೇ ಒಂದು ಸಲ ಚುನಾವಣಾಧಿಕಾರಿಯಾಗಿದ್ದೆ. ಆ ವಿಷಯ ಬಂದಾಗಲೆಲ್ಲ ಅದನ್ನು ತಮಾಷೆಯ ಧಾಟಿಯಲ್ಲೇ ಹೇಳುತ್ತಿದ್ದೆ. ಓಟಿನ ಚೀಟಿಯಲ್ಲಿ ಕೆಲವರು ಬರೆದ ಅಂಕಿ ಒಂದೋ ನಾಲ್ಕೋ ಎಂದು ಗೊತ್ತಾಗದೆ ಒದ್ದಾಡಿದ್ದು, ಎಣಿಕೆ ನಾಲ್ಕು ದಿನ ಎಳೆದದ್ದು, ವಿಮಾನ ತಪ್ಪಿದ್ದು. ಕೇಳಿದವರು ನಗುತ್ತಿದ್ದರು. ನಾಲ್ಕು ಗಂಟೆಗೆ ಬಾಗಿಲು ಹಾಕಿದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅದು ದೇಶದ ಚುನಾವಣೆಯಲ್ಲ, ಅದಕ್ಕೂ ಮೊದಲು ಪಕ್ಷದೊಳಗೆ ನಡೆಯುವಂಥದ್ದು. ನಮ್ಮ ಕ್ಷೇತ್ರದಲ್ಲಿ ಪಕ್ಷದ ಪರವಾಗಿ ಯಾರು ನಿಲ್ಲಬೇಕು ಎಂದು ಸದಸ್ಯರೇ ಓಟು ಹಾಕಿ ತೀರ್ಮಾನಿಸುತ್ತಾರೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಪ್ರಿಸೆಲೆಕ್ಷನ್ ಎನ್ನುತ್ತಾರೆ. ತುಮಕೂರಿನಿಂದ ಓದಲು ಬಂದ ನಾನು ಐಟಿ ಕೆಲಸ ಹಿಡಿದು, ಕಾಯಂ ಇರಲು ಪಿಆರ್ ಸಿಕ್ಕಿ, ಸಿಟಿಜನ್ ಆಗಿ ಸಿಡ್ನಿಯ ಎಪ್ಪಿಂಗ್‌ನಲ್ಲಿ ಹನ್ನೆರಡು ವರ್ಷ ಕಳೆದಿದ್ದೆ. ಸ್ಟೇಷನ್ ಬಳಿಯ ಪಾರ್ಕಿಂಗ್ ವಿಚಾರಕ್ಕೆ ಕರೆದಿದ್ದ ಒಂದು ಸಭೆಗೆ ಹೋಗಿ, ಪಕ್ಷದ ಸದಸ್ಯತ್ವದ ಫಾರ್ಮ್ ತುಂಬಿ ಮನೆಗೆ ಬಂದಿದ್ದೆ. ಆಮೇಲೆ ಸಭೆಗಳಿಗೆ ಹೋದದ್ದು ಕಡಿಮೆ. ಹಾಗಾಗಿಯೇ ನಾನು ಯಾವ ಗುಂಪಿಗೂ ಸೇರಿರಲಿಲ್ಲ, ಹಾಗಾಗಿಯೇ ಎಲ್ಲರೂ ನನ್ನನ್ನು ನಿಷ್ಪಕ್ಷಪಾತಿ ಎಂದುಕೊಂಡರು. ಚುನಾವಣೆ ನಡೆಸಿಕೊಡುತ್ತೀರಾ ಎಂದು ಕೇಳಿದಾಗ ನನಗೆ ಒಳಗೊಳಗೇ ಹೆಮ್ಮೆಯೆನಿಸಿತು.

ಹಿಂದಿನ ಸಲ ಓಟು ಹಾಕಲು ಮೂರು ಜಾಗಗಳಿದ್ದವಂತೆ. ಒಂದು ಎಪ್ಪಿಂಗ್‌ನಲ್ಲಿ, ಇನ್ನೊಂದು ವೆಸ್ಟ್‌ಮೀಡ್‌ನಲ್ಲಿ ಆಸ್ಪತ್ರೆಯಿಂದ ನಡೆದುಹೋಗುವಷ್ಟು ಹತ್ತಿರದ ಒಂದು ಕೋಣೆಯಲ್ಲಿ, ಮತ್ತೊಂದು ಅವೆರಡರ ನಡುವೆ. ಈ ಸಲ ಪಕ್ಷದ ಕಚೇರಿಯಿಂದ ಒಬ್ಬ ಫೋನ್ ಮಾಡಿದ.

"ವಾಲಂಟಿಯರ್ಸ್ ಕಡಿಮೆ ಇದಾರೆ, ಮೇಟ್. ಎಷ್ಟು ಬೂತ್ ಬೇಕು ಅಂತ ನೀನೇ ಡಿಸೈಡ್ ಮಾಡು. ಒಂದೇ ಮಾಡಿದ್ರೂ ರೂಲ್ ಪ್ರಕಾರ ತಪ್ಪಿಲ್ಲ," ಎಂದ.

ಒಂದೇ ಮಾಡು ಎಂದು ಅವನು ಹೇಳಲಿಲ್ಲ. ತೀರ್ಮಾನ ಮಾಡಿದವನು ನಾನು.

ಆ ಹೊತ್ತಿಗೆ ಹೆಂಡತಿ, ಮಗಳು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿದ್ದರು. ಒಳ್ಳೆಯ ಶಾಲೆಯ ಝೋನ್‌ನಲ್ಲಿ ಮನೆ ರೆಂಟ್‌ಗೆ ಹಿಡಿದು ಶಾಲೆ ಶುರುವಾಗುವ ಮೊದಲೇ ಹೋಗಿದ್ದರು. ಆಫೀಸಿನಲ್ಲಿ ವರ್ಗ ಸಿಗುವವರೆಗೆ ನಾನು ಎಪ್ಪಿಂಗ್‌ನಲ್ಲಿದ್ದು ವಾರಾಂತ್ಯಕ್ಕೆ ಹೋಗಿಬರುತ್ತಿದ್ದೆ. ಮತದಾನದ ಶನಿವಾರದ ಮರುದಿನವೇ ಮಗಳ ಹುಟ್ಟುಹಬ್ಬ. ನಾಲ್ಕಕ್ಕೆ ಮತದಾನ ಮುಗಿದು, ಐದೂವರೆಗೆ ಎಣಿಕೆ ಮುಗಿದರೆ ಏಳೂವರೆಯ ವಿಮಾನ ಹಿಡಿಯಬಹುದಿತ್ತು. ಮೂರು ಕಡೆ ಓಟಾದರೆ ಮೂರು ಪೆಟ್ಟಿಗೆ ಬರಬೇಕು, ಮೂರು ಲೆಕ್ಕ ಕೂಡಬೇಕು. ಒಂದೇ ಜಾಗವಾದರೆ ಬೇಗ ಮುಗಿಯುತ್ತದೆ ಎಂದುಕೊಂಡೆ. ನನ್ನ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಹಾಲ್ ಒಂದನ್ನು ಆರಿಸಿಕೊಂಡೆ. ಸದಸ್ಯರಿಗೆ ಕಳಿಸಿದ ಈಮೇಲ್‌ನಲ್ಲಿ "ಎಲ್ಲರ ಅನುಕೂಲಕ್ಕಾಗಿ" ಎಂದು ಬರೆದೆ.

ಈಮೇಲ್ ಹೋದ ಸಂಜೆಯೇ ಒಬ್ಬ ಅಭ್ಯರ್ಥಿ ಫೋನ್ ಮಾಡಿದರು. ಕಣದಲ್ಲಿದ್ದ ನಾಲ್ವರಲ್ಲಿ ಅವರೊಬ್ಬರೇ ಹೆಂಗಸು. ಬೆಳಗಾವಿಯವರು, ವೆಸ್ಟ್‌ಮೀಡ್‌ನಲ್ಲಿ ನರ್ಸ್. ಅವರನ್ನು ಬೆಂಬಲಿಸುವವರಲ್ಲಿ ಹೆಚ್ಚಿನವರು ಆ ಸುತ್ತಿನಲ್ಲೇ ಕೆಲಸ ಮಾಡುವವರು, ಸ್ಟೇಷನ್ ಪಕ್ಕದ ಫ್ಲ್ಯಾಟ್‌ಗಳಲ್ಲಿ ಬಾಡಿಗೆಗಿರುವವರು ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

"ಸರ, ವೆಸ್ಟ್‌ಮೀಡ್ ಬೂತ್ ತಗೀಬ್ಯಾಡ್ರಿ. ಮಾರ್ನಿಂಗ್ ಶಿಫ್ಟ್ ಮುಗಿಯೂದ ಮೂರೂವರಿಗೆ. ನಾಲ್ಕರ ಒಳಗ ಎಪ್ಪಿಂಗ್‌ಗೆ ಹೆಂಗ ಬರ್ತಾರ? ಟ್ರ್ಯಾಕ್‌ವರ್ಕ್ ಬ್ಯಾರೆ ಐತಿ ಆ ವೀಕೆಂಡ್, ಟ್ರೇನೂ ಇರೂದಿಲ್ಲ," ಎಂದರು.

"ಮೇಡಂ, ಹಾಲ್ ಆಗ್ಲೇ ಬುಕ್ ಮಾಡ್ಬಿಟ್ಟಿದೀನಿ. ಈಗ ಚೇಂಜ್ ಮಾಡಕ್ಕಾಗಲ್ಲ," ಎಂದೆ.

ಬುಕ್ ಮಾಡಿರಲಿಲ್ಲ. ಫೋನ್ ಇಟ್ಟ ಮೇಲೆ ಲ್ಯಾಪ್‌ಟಾಪ್ ತೆಗೆದು ಬುಕ್ ಮಾಡಿದೆ. ಆ ಎರಡು ನಿಮಿಷ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗದೆ ನಿಂತುಕೊಂಡೇ ಫಾರ್ಮ್ ತುಂಬಿದ್ದು ಈಗಲೂ ನೆನಪಿದೆ. ಓಟು ಹಾಕಬೇಕೆನ್ನುವವರು ಹೇಗಾದರೂ ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಅವರು ಬಂದರು. ಅದೇ ತೊಂದರೆಯಾಯಿತು.

ಶನಿವಾರ ಹತ್ತಕ್ಕೆ ಬಾಗಿಲು ತೆಗೆದಾಗಲೇ ಸಾಲು ಗೇಟಿನವರೆಗೆ ಇತ್ತು. ನನ್ನ ಬಳಿ ಇದ್ದದ್ದು ಒಂದೇ ಮೇಜು, ಸದಸ್ಯರ ಹೆಸರಿನ ಒಂದೇ ಪಟ್ಟಿ, ಇಬ್ಬರು ವಾಲಂಟಿಯರ್‌ಗಳು. ಮೂರು ಜಾಗಗಳಿದ್ದಾಗ ವೆಸ್ಟ್‌ಮೀಡ್‌ನವರೇ ಅಲ್ಲಿನ ಕೆಲಸ ನೋಡಿಕೊಳ್ಳುತ್ತಿದ್ದರಂತೆ. ಆ ಜಾಗವನ್ನು ತೆಗೆದಾಗ ಆ ಕೈಗಳೂ ಹೋಗುತ್ತವೆ ಎಂದು ನನಗೆ ಹೊಳೆದಿರಲಿಲ್ಲ. ಪಟ್ಟಿ ಸರ್‌ನೇಮ್ ಪ್ರಕಾರ ಇತ್ತು. ನಮ್ಮವರಲ್ಲಿ ಯಾರ ಸರ್‌ನೇಮ್ ಯಾವುದು ಎಂದು ಹೇಳುವುದು ಕಷ್ಟ. ಕೆಲವರಿಗೆ ಅಪ್ಪನ ಹೆಸರು, ಕೆಲವರಿಗೆ ಊರಿನ ಹೆಸರು, ಕೆಲವರಿಗೆ ಒಂದೇ ಹೆಸರು ಎರಡು ಸಲ. ಒಬ್ಬೊಬ್ಬರನ್ನು ಹುಡುಕಲು ಎರಡು ಮೂರು ನಿಮಿಷ ಹಿಡಿಯುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಮಲಗದೆ ನೇರವಾಗಿ ಬಂದಿದ್ದ ನಾಲ್ಕೈದು ನರ್ಸ್‌ಗಳು ಯೂನಿಫಾರ್ಮ್‌ನಲ್ಲೇ ಮುಕ್ಕಾಲು ಗಂಟೆ ನಿಂತು, ಗೋಡೆಗೆ ಒರಗಿ, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಕಿಟಕಿಯಿಂದ ಅದನ್ನು ಕಂಡೆ. ಸಾಲು ಒಂದಿಷ್ಟು ಕರಗಿತು ಎಂದು ಆ ಕ್ಷಣಕ್ಕೆ ನಿರಾಳವಾಯಿತು.

ಮೂರು ಗಂಟೆ ಸುಮಾರಿಗೆ ವಯಸ್ಸಾದ ಒಬ್ಬ ಹೆಂಗಸು ಬಂದರು. ಹುಬ್ಬಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದು, ರಿಟೈರ್ ಆದ ಮೇಲೆ ವೆಸ್ಟ್‌ಮೀಡ್‌ನಲ್ಲಿರುವ ಮಗಳ ಮನೆಗೆ ಬಂದವರು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಅವರನ್ನು ನೋಡಿದ್ದೆ. ಮಗಳಿಗೆ ಡ್ಯೂಟಿ ಇತ್ತಂತೆ. ರೈಲಿಲ್ಲದ ದಿನ ಎರಡು ಬಸ್ಸು ಬದಲಾಯಿಸಿಕೊಂಡು ಒಬ್ಬರೇ ಬಂದಿದ್ದರು. ಅವರಿಗೆ ಮಂಡಿನೋವು. ಸ್ವಲ್ಪ ಹೊತ್ತು ನಿಂತು ನೋಡಿ, ತಮ್ಮ ಬಟ್ಟೆಯ ಚೀಲವನ್ನು ಸಾಲಿನಲ್ಲಿ ತಮ್ಮ ಜಾಗದಲ್ಲಿಟ್ಟು, ಮರದ ಕೆಳಗಿನ ಬೆಂಚಿನ ಮೇಲೆ ಹೋಗಿ ಕೂತರು. ಸಾಲು ಮುಂದೆ ಸರಿದಾಗಲೆಲ್ಲ ಹಿಂದಿದ್ದ ಯುವಕ ಚೀಲವನ್ನು ಎತ್ತಿ ಒಂದೊಂದು ಹೆಜ್ಜೆ ಮುಂದಿಡುತ್ತಿದ್ದ. ಇನ್ನೂ ಕೆಲವರು ಅವರಂತೆಯೇ ನೆರಳು ಹುಡುಕಿಕೊಂಡು ಬೆಂಚಿನ ಮೇಲೆ, ಕಾಂಪೌಂಡಿನ ಗಿಡ್ಡ ಗೋಡೆಯ ಮೇಲೆ ಕೂತಿದ್ದರು.

ನಾಲ್ಕಕ್ಕೆ ಐದು ನಿಮಿಷವಿದೆ ಎನ್ನುವಾಗ ನಾನು ಹೊರಗೆ ಬಂದೆ. ನಿಯಮ ಸರಳವಾಗಿತ್ತು. ನಾಲ್ಕು ಗಂಟೆಗೆ ಸಾಲಿನಲ್ಲಿರುವವರಿಗೆಲ್ಲ ಓಟು ಹಾಕಲು ಬಿಡಬೇಕು. ಸಾಲು ಎಂದರೆ ಏನು ಎಂದು ಎಲ್ಲೂ ಬರೆದಿರಲಿಲ್ಲ. ನಿಂತವರನ್ನೆಲ್ಲ ಒಳಗೆ ಕರೆದೆ. ಇಪ್ಪತ್ತಕ್ಕೂ ಹೆಚ್ಚು ಜನ ಒಳಗೆ ಬಂದರು. ಚೀಲ ಸರಿಸುತ್ತಿದ್ದ ಯುವಕನೂ ಒಳಗೆ ಬಂದ, ಚೀಲ ಹೊಸ್ತಿಲ ಹೊರಗೆ ಉಳಿಯಿತು. ಬೆಂಚಿನಿಂದ ಎದ್ದವರು ನಡೆದುಬರುವಷ್ಟರಲ್ಲಿ ನಾಲ್ಕಾಗಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ತಮ್ಮಾ, ನಾವೂ ಸರತಿಯೊಳಗ ಇದ್ದೇವಿ," ಎಂದರು ಟೀಚರ್. "ಚೀಲ ಅಲ್ಲೇ ಐತಿ ನೋಡು. ಇವರೆಲ್ಲಾ ನೋಡ್ಯಾರ."

"ಚೀಲ ಕ್ಯೂನಲ್ಲಿ ನಿಲ್ಲಲ್ಲ ಆಂಟಿ. ಜನ ನಿಲ್ಬೇಕು."

ಅವರಿಗೆ ಸಿಟ್ಟು ಬರಲಿಲ್ಲ. ಪಾಠ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು. "ಹಂಗಲ್ಲಪಾ. ನಾ ಇಪ್ಪತ್ತೆಂಟು ವರ್ಷ ಇಲೆಕ್ಷನ್ ಡ್ಯೂಟಿ ಮಾಡೇನಿ. ಟೈಮ್ ಆದಮ್ಯಾಲ ಚೀಟಿ ತಗೊಂಡು ಹೊರಗ ಬರಬೇಕು. ಕಡೀಗೆ ಇದ್ದವರಿಂದ ಶುರು ಮಾಡಿ ಮುಂದ ಕೊಡ್ಕೋತ ಬರಬೇಕು. ಕುಂತವರನ್ನೂ ಕೇಳಬೇಕು, ನೀರು ಕುಡಿಯಾಕ ಹೋದವರನ್ನೂ ಕೇಳಬೇಕು. ಆಮ್ಯಾಲ ಬಾಗಲಾ ಹಾಕಬೇಕು."

ನನಗೆ ಆಗ ಕಂಡದ್ದು ವಾಚು. ಒಳಗೆ ಇನ್ನೂ ಇಪ್ಪತ್ತು ಜನ, ಆಮೇಲೆ ಎಣಿಕೆ. ಬೆಂಚಿನವರನ್ನು ಒಳಗೆ ಬಿಟ್ಟರೆ ಇನ್ನೂ ಅರ್ಧ ಗಂಟೆ.

"ಆಂಟಿ, ಇದು ಇಂಡಿಯಾ ಅಲ್ಲ," ಎಂದೆ.

ಕೆಳಗೆ ಬಗ್ಗಿ ಆ ಚೀಲವನ್ನು ಎತ್ತಿ ನಾನೇ ಅವರ ಕೈಗೆ ಕೊಟ್ಟೆ. ಅದರಲ್ಲಿ ಒಂದು ನೀರಿನ ಬಾಟಲಿ, ಒಂದು ಕೊಡೆ ಇತ್ತು. ಅವರು ಚೀಲವನ್ನು ತೆಗೆದುಕೊಂಡು ನನ್ನ ಮುಖವನ್ನೇ ನೋಡಿದರು. ಅವರ ಹಿಂದೆ ಇದ್ದವರನ್ನು ಬಾಗಿಲು ಹಾಕುವಾಗ ಎಣಿಸಿದೆ. ಟೀಚರನ್ನೂ ಸೇರಿಸಿ ಒಂಬತ್ತು ಜನ. ಯಾಕೆ ಎಣಿಸಿದೆನೋ ಗೊತ್ತಿಲ್ಲ. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿದ್ದವನು ಮಾತ್ರ ಹಾಗೆ ಎಣಿಸುತ್ತಾನೆ ಎಂದು ಈಗ ಅನ್ನಿಸುತ್ತದೆ.

ವಿಮಾನ ಸಿಗಲಿಲ್ಲ. ಒಳಗಿದ್ದವರ ಓಟು ಮುಗಿಯುವುದಕ್ಕೇ ಐದು ದಾಟಿತು. ಇಲ್ಲಿ ಒಬ್ಬರಿಗೆ ಮುದ್ರೆ ಒತ್ತಿ ಬರುವ ಪದ್ಧತಿಯಲ್ಲ. ಎಲ್ಲ ಅಭ್ಯರ್ಥಿಗಳ ಮುಂದೆಯೂ ಒಂದು, ಎರಡು, ಮೂರು, ನಾಲ್ಕು ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ಅತಿ ಕಡಿಮೆ ಓಟು ಬಿದ್ದ ಅಭ್ಯರ್ಥಿಯನ್ನು ಕೈಬಿಟ್ಟು, ಅವರ ಓಟುಗಳನ್ನು ಎರಡನೆಯ ಆಯ್ಕೆಯ ಪ್ರಕಾರ ಉಳಿದವರಿಗೆ ಹಂಚಬೇಕು. ಕೆಲವರು ಅಂಕಿಯ ಬದಲು ಸರಿ ಗುರುತು ಹಾಕಿದ್ದರು. ಒಂದೊಂದು ಚೀಟಿಗೂ ಅಭ್ಯರ್ಥಿಗಳ ಕಡೆಯವರು ವಾದಕ್ಕಿಳಿದರು. ಏಳು ಗಂಟೆಗೆ ಕರಾಟೆ ಕ್ಲಾಸಿನ ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ ಪೆಟ್ಟಿಗೆಗೆ ಸೀಲ್ ಹಾಕಿ ಹಾಲ್ ಬಿಟ್ಟುಕೊಟ್ಟೆವು.

ಭಾನುವಾರ ಮತ್ತೆ ಕೂತೆವು. ಪಟ್ಟಿಯಲ್ಲಿ ಗುರುತು ಹಾಕಿದ ಹೆಸರುಗಳಿಗಿಂತ ಚೀಟಿಗಳು ಎರಡು ಹೆಚ್ಚಿದ್ದವು. ಅಪ್ಪ ಮಗ ಇಬ್ಬರಿಗೂ ಸೇರಿ ಒಂದೇ ಹೆಸರಿನ ಮುಂದೆ ಗುರುತು ಬಿದ್ದಿದೆ, ಇನ್ನೊಂದು ಮನೆಯಲ್ಲೂ ಹಾಗೆಯೇ ಆಗಿದೆ ಎಂದು ಕಂಡುಹಿಡಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮಗಳು ಕೇಕ್ ಕತ್ತರಿಸುವುದನ್ನು ಹಾಲ್‌ನ ಹೊರಗೆ ನಿಂತು ವಿಡಿಯೋ ಕಾಲ್‌ನಲ್ಲಿ ನೋಡಿದೆ. "ಇಟ್ಸ್ ಓಕೆ ಅಪ್ಪಾ," ಎಂದಳು. ನಾನು ನಿಂತಿದ್ದುದು ಅದೇ ಬೆಂಚಿನ ಪಕ್ಕದಲ್ಲಿ. ಅಲ್ಲಿ ಕೂರಲಾಗಲಿಲ್ಲ.

ಊರಲ್ಲಿಲ್ಲದವರು ಮೊದಲೇ ಕೇಳಿ ಪಡೆದಿದ್ದ ಅಂಚೆಯ ಓಟುಗಳೆಲ್ಲ ಬಂದು ಎಣಿಕೆ ಮುಗಿದದ್ದು ಮಂಗಳವಾರ. ಕೊನೆಗೆ ಉಳಿದವರು ಇಬ್ಬರು, ನರ್ಸ್ ಮತ್ತು ಒಬ್ಬ ವಕೀಲ. ನರ್ಸ್ ನಾಲ್ಕು ಓಟಿನಿಂದ ಸೋತರು.

ಬೆಂಚಿನವರೆಲ್ಲ ಅವರಿಗೇ ಓಟು ಹಾಕುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ನಾಲ್ಕು ಎಂಬ ಸಂಖ್ಯೆಯನ್ನು ಗಟ್ಟಿಯಾಗಿ ಓದುವಾಗ ನನ್ನ ತಲೆಯಲ್ಲಿ ಒಂಬತ್ತು ಇತ್ತು. ಕಚೇರಿಗೆ ಕಳಿಸಬೇಕಾದ ವರದಿಯಲ್ಲಿ ಒಂದು ಪ್ರಶ್ನೆಯಿತ್ತು. ಮತದಾನದ ವೇಳೆ ಏನಾದರೂ ಘಟನೆ ನಡೆಯಿತೇ? "ಇಲ್ಲ" ಎಂದು ಬರೆದು ಸಹಿ ಹಾಕಿದೆ.

ಎರಡು ದಿನದ ನಂತರ ನರ್ಸ್ ಫೋನ್ ಮಾಡಿದರು. "ಸರ, ಅಪೀಲ್ ಮಾಡಾಕ ನಾಳೆ ಶುಕ್ರವಾರತನಕ ಟೈಮ್ ಐತಿ. ಬಾಗಲಾಗ ಏನಾತು ಅಂತ ಟೀಚರ್ ನನಗ ಹೇಳ್ಯಾರ. ಅವರು ಹೇಳಿದ್ರ ಯಾರೂ ನಂಬೂದಿಲ್ಲ. ನೀವು ಒಂದು ಸ್ಟೇಟ್‌ಮೆಂಟ್ ಬರದ ಕೊಟ್ರ ಸಾಕು. ನನ್ನ ಪರ ಬರೀಬ್ಯಾಡ್ರಿ. ಏನ ನಡೀತು ಅಷ್ಟ ಬರೀರಿ."

"ನೋಡ್ತೀನಿ ಮೇಡಂ," ಎಂದೆ.

ಶುಕ್ರವಾರ ಬೆಳಿಗ್ಗೆ ಅವರು ಮತ್ತೆ ಎರಡು ಸಲ ಕರೆ ಮಾಡಿದರು. ನಾನು ಮೆಲ್ಬರ್ನ್‌ಗೆ ಸಾಗಿಸಲು ಅಡುಗೆಮನೆಯ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದೆ. ಫೋನ್ ಮೇಜಿನ ಮೇಲೆ ಅದುರುತ್ತಾ ಅದುರುತ್ತಾ ಅಂಚಿನವರೆಗೆ ಬಂತು. ಅದು ಬೀಳದಿರಲಿ ಎಂದು ಹಿಂದಕ್ಕೆ ಸರಿಸಿದೆ, ಎತ್ತಲಿಲ್ಲ. ಸಂಜೆಗೆ ಅವಧಿ ಮುಗಿಯಿತು.

ಒಂದು ತಿಂಗಳೊಳಗೆ ನಾನು ಗ್ಲೆನ್ ವೇವರ್ಲಿಗೆ ಬಂದುಬಿಟ್ಟೆ. ಹೊಸ ಆಫೀಸು, ಹೊಸ ರೈಲು, ಮಗಳ ಶಾಲೆ. ಮೇಲೆ ಹೇಳಿದ ತಮಾಷೆಯ ಕಥೆ ತಯಾರಾದದ್ದು ಇಲ್ಲಿಯೇ. ಹೊಸ ಗೆಳೆಯರ ಮನೆಗಳಲ್ಲಿ ಊಟದ ನಂತರ ಅದು ಚೆನ್ನಾಗಿ ನಡೆಯುತ್ತಿತ್ತು.

ಆಮೇಲೆ ದೇಶದ ಚುನಾವಣೆ ಬಂತು. ಗ್ಲೆನ್ ವೇವರ್ಲಿಯ ಒಂದು ಶಾಲೆಗೆ ನಾನು, ಹೆಂಡತಿ ಹೋದಾಗ ಆರಕ್ಕೆ ಹತ್ತು ನಿಮಿಷವಿತ್ತು. ಆರಕ್ಕೆ ಮತದಾನ ಮುಗಿಯುತ್ತದೆ. ಸಾಲು ಉದ್ದವಿತ್ತು. ಸರಿಯಾಗಿ ಆರಕ್ಕೆ ಒಬ್ಬ ಮಧ್ಯವಯಸ್ಸಿನ ಅಧಿಕಾರಿಣಿ ಹೊರಗೆ ಬಂದು, ಬಾಗಿಲ ಹತ್ತಿರ ನಿಲ್ಲದೆ ಸೀದಾ ಸಾಲಿನ ಕೊನೆಗೆ ನಡೆದು ನಮ್ಮ ಹಿಂದೆ ಬಂದು ನಿಂತರು. ಆಮೇಲೆ ಏನೋ ನೆನಪಾದವರಂತೆ, ಆಟದ ಮೈದಾನದ ಪಕ್ಕ ಕೂತಿದ್ದ ಮುದುಕ ಮುದುಕಿಯ ಹತ್ತಿರ ಹೋಗಿ, "ಓಟು ಹಾಕೋಕೆ ಬಂದಿದ್ದೀರಾ? ಹಾಗಾದ್ರೆ ನೀವು ನನ್ನ ಕ್ಯೂನಲ್ಲೇ ಇದ್ದೀರಿ. ಏಳಬೇಡಿ, ಅಲ್ಲೇ ಕೂತಿರಿ," ಎಂದರು ಇಂಗ್ಲಿಷಿನಲ್ಲಿ. ಹುಬ್ಬಳ್ಳಿಯ ಟೀಚರ್ ಹೇಳಿದ್ದ ಕೆಲಸವನ್ನೇ ಅವರು ಮಾಡುತ್ತಿದ್ದರು. ನನ್ನ ಕಿವಿಯವರೆಗೂ ಬಿಸಿಯೇರಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ.

ಕಾರಿನಲ್ಲಿ ಹೆಂಡತಿ, "ಏನಾಯ್ತು? ಮೈ ಹುಷಾರಿಲ್ವಾ?" ಎಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಫೋನಿನಲ್ಲಿ ಸುಳ್ಳು ಹೇಳಿದ್ದು, ಚೀಲ, ಒಂಬತ್ತು ಜನ, ವರದಿ. ಕೊನೆಗೆ, "ನಿಮ್ಮಿಬ್ಬರ ಹತ್ರ ಬೇಗ ಬರ್ಬೇಕಿತ್ತಲ್ಲ," ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಬೇಗ ಬಾ ಅಂತ ನಾನು ಹೇಳಿದ್ನಾ?"

"ಇಲ್ಲ."

"ಮಗಳು ಹೇಳಿದ್ಲಾ?"

"ಇಲ್ಲ."

"ಮತ್ತೆ ನಮ್ಮ ಹೆಸರು ಯಾಕೆ ತರ್ತೀಯ ಇದ್ರಲ್ಲಿ?"



ಮುಂದಿನ ತಿಂಗಳು ಆಫೀಸಿನ ಕೆಲಸಕ್ಕೆ ಸಿಡ್ನಿಗೆ ಹೋದಾಗ ಒಂದು ದಿನ ರಜೆ ಹಾಕಿ ವೆಸ್ಟ್‌ಮೀಡ್‌ಗೆ ಹೋದೆ. ಸಂಘದವರಿಂದ ಟೀಚರ್ ಮಗಳ ನಂಬರ್ ಪಡೆದು ಮೊದಲೇ ಕೇಳಿಕೊಂಡಿದ್ದೆ. ಬಾಗಿಲು ತೆಗೆದವರು ಟೀಚರೇ. ಗುರುತು ಹಿಡಿದರು. ಒಳಗೆ ಕರೆದು, ಚಹಾ ಮಾಡಿಕೊಟ್ಟು, ಎದುರಿಗೆ ಕೂತರು. ಮೆಲ್ಬರ್ನ್‌ನಿಂದ ಬರುವಾಗ ಕಲಿತುಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. "ಅವತ್ತು ನಾನು ತಪ್ಪು ಮಾಡ್ದೆ ಆಂಟಿ. ನಿಮಗೆ ಹಾಗೆ ಮಾತಾಡ್ಬಾರ್ದಿತ್ತು," ಎಂದಷ್ಟೇ ಹೇಳಿದೆ.

"ಮಾತು ಬಿಡು," ಎಂದರು. "ಬಾಗಲಾ ಹಾಕಿದ ಮ್ಯಾಲ ಬಸ್‌ಸ್ಟಾಪಿನ್ಯಾಗ ಕುಂತು ನಾ ವಿಚಾರ ಮಾಡಿದೆ. ನಮ್ಮೂರಾಗ ಹಿಂಗ ಬಾಗಲಾ ಹಾಕಿದ್ರ ಮಂದಿ ಕಲ್ಲು ಹೊಡೀತಿದ್ರು. ಇಲ್ಲಿ ನಾವು ಒಂಬತ್ತು ಮಂದಿ 'ಥ್ಯಾಂಕ್ಯೂ' ಅಂತ ಹೇಳಿ ಹೊಂಟ್ವಿ. ನನಗ ನಾಚಿಕಿ ಬಂದದ್ದು ಅದಕ್ಕ." ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. "ಆದ್ರ ಇದನ್ನ ನನ್ನ ಮುಂದ ಯಾಕ ಹೇಳಾಕತ್ತಿ? ಸೋತಾಕಿ ಇಲ್ಲೇ ಅದಾಳ, ಆಸ್ಪತ್ರಿಯೊಳಗ. ಆಕಿ ಮುಂದ ಹೇಳು."

ನನಗೆ ಆಕೆಯನ್ನು ನೋಡುವ ಧೈರ್ಯವಿರಲಿಲ್ಲ. ಟೀಚರ್‌ಗೆ ಅದು ಗೊತ್ತಾಯಿತು. ನನ್ನ ಎದುರಿಗೇ ಫೋನ್ ಮಾಡಿದರು.

ನರ್ಸ್ ಊಟದ ವಿರಾಮದಲ್ಲಿ ಆಸ್ಪತ್ರೆಯ ಹೊರಗಿನ ಕೆಫೆಗೆ ಬಂದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಡಬ್ಬಿ. ನಾನು ಹೇಳುವಷ್ಟು ಹೊತ್ತೂ ಚಪಾತಿ ಮುರಿದು ತಿನ್ನುತ್ತಲೇ ಕೇಳಿಸಿಕೊಂಡರು. ಹಾಲ್ ಬುಕ್ ಆಗಿದೆ ಎಂದದ್ದು ಸುಳ್ಳು ಎಂದಾಗ ಮಾತ್ರ ಕೈ ನಿಂತಿತು.

"ಅದು ನನಗ ಗೊತ್ತಿರಲಿಲ್ಲ," ಎಂದರು. ಆಮೇಲೆ ಕೈಯಲ್ಲಿದ್ದ ಚಪಾತಿಯ ತುಂಡನ್ನು ಡಬ್ಬಿಗೆ ಹಾಕಿ, "ನಾ ಎಲ್ಲಾರ ಮುಂದ ನಿಮ್ಮ ಪರ ಮಾತಾಡಿದ್ದೆ, ಸರ. ಪಾಪ, ಅವರು ಏನ ಮಾಡ್ತಾರ, ಮೊದಲ ಬುಕ್ ಆಗಿತ್ತು ಅಂತ."

ಕ್ಷಮಿಸಿ ಎಂದೆ.

"ಕ್ಷಮಾ ಅದು ಆಮ್ಯಾಲ ನೋಡೂಣು. ಮೊದಲ ಬರೀರಿ. ಟೈಮ್ ಮುಗದೈತಿ, ಗೊತ್ತೈತಿ. ರಿಸಲ್ಟ್ ಬದಲಾಗೂದಿಲ್ಲ, ಅದೂ ಗೊತ್ತೈತಿ. ಆದ್ರೂ ಆಫೀಸ್‌ನ್ಯಾಗ ಒಂದು ಕಾಗದ ಇರ್ಲಿ. ಮುಂದಿನ ಸಲ ಯಾರರ ಒಂದ ಬೂತ್ ಸಾಕು ಅಂದ್ರ ತೋರ್ಸಾಕ ಬೇಕಲ್ಲ." ಡಬ್ಬಿ ಮುಚ್ಚಿ ಎದ್ದರು. ಅವರಿಗೆ ಇನ್ನೂ ಹತ್ತು ನಿಮಿಷ ವಿರಾಮವಿತ್ತು. ನನ್ನ ಜೊತೆ ಅದನ್ನು ಕಳೆಯಲು ಅವರಿಗೆ ಮನಸ್ಸಿರಲಿಲ್ಲ.

ಆ ಕಾಗದ ಬರೆಯಲು ನನಗೆ ಮೂರು ವಾರ ಹಿಡಿಯಿತು. ಪ್ರತಿ ಸಲ ಬರೆದಾಗಲೂ ನನ್ನ ಪರವಾಗಿ ಒಂದು ವಾಕ್ಯ ನುಸುಳಿಕೊಂಡು ಬರುತ್ತಿತ್ತು. ವಾಲಂಟಿಯರ್‌ಗಳ ಕೊರತೆ, ನಿಯಮದ ಅಸ್ಪಷ್ಟತೆ, ಕಚೇರಿಯ ಅನುಮತಿ. ಹೆಂಡತಿ ಓದಿ ಅವನ್ನು ಗೆರೆ ಎಳೆದು ಹೊಡೆದುಹಾಕುತ್ತಿದ್ದಳು. ಕೊನೆಗೆ ಅರ್ಧ ಪುಟ ಉಳಿಯಿತು. ಜಾಗಗಳನ್ನು ಒಂದಕ್ಕೆ ಇಳಿಸಿದ್ದು ನನ್ನ ಸ್ವಂತ ಅನುಕೂಲಕ್ಕೆ, ನಾಲ್ಕು ಗಂಟೆಗೆ ಹಕ್ಕಿದ್ದ ಒಂಬತ್ತು ಜನರನ್ನು ಹೊರಗೆ ಹಾಕಿದ್ದು ನಾನು, ಘಟನೆ ಇಲ್ಲ ಎಂದು ಬರೆದದ್ದು ಸುಳ್ಳು. ಅದನ್ನು ಪಕ್ಷದ ಕಚೇರಿಗೆ ಕಳಿಸಿ, ನರ್ಸ್‌ಗೂ ಟೀಚರ್ ಮಗಳಿಗೂ ಪ್ರತಿ ಕಳಿಸಿದೆ.

ಮರುದಿನ ನರ್ಸ್ ಒಂದು ಮೆಸೇಜ್ ಹಾಕಿದರು. "ಒಂಬತ್ತಲ್ಲ, ಹನ್ನೊಂದು. ಗಂಡ ಹೆಂಡತಿ ಇಬ್ಬರು ಕೂಸಿಗೆ ಹಾಲು ಕುಡಿಸಾಕ ಕಾರಿನ್ಯಾಗ ಕುಂತಿದ್ರು. ಅವರು ಬರೂದ್ರಾಗ ಬಾಗಲಾ ಹಾಕಿತ್ತು. ತಿದ್ದಿ ಕಳಸ್ರಿ."

ತಿದ್ದಿ ಮತ್ತೆ ಕಳಿಸಿದೆ. ಹತ್ತು ದಿನದ ಮೇಲೆ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು. ನಿಮ್ಮ ಪತ್ರ ತಲುಪಿದೆ, ಈ ವಿಷಯ ಮುಕ್ತಾಯವಾಗಿದೆ ಎಂದಿತ್ತು. ಅದನ್ನು ನರ್ಸ್‌ಗೆ ಕಳಿಸಿದೆ. ಅವರು ಓದಿದ್ದಾರೆ ಎಂದು ಫೋನ್ ತೋರಿಸಿತು. ಉತ್ತರ ಬರಲಿಲ್ಲ. ಈಗಲೂ ಬಂದಿಲ್ಲ. ಅವರು ನನಗೆ ಉತ್ತರ ಕೊಡಬೇಕಾದ ಕಾರಣವೂ ಇಲ್ಲ.